ಫೋಟೊ ಹಾಕ್ರಿ, ಆಮೇಲೆ ವಾದ ಮಾಡೋಣ

ಕಲಬುರಗಿ ಜಿಲ್ಲೆಯ ಆಳಂದ, ಚಿತ್ತಾಪುರ, ಜೇವರ್ಗಿ ಕಡೆಯ ತೊಗರಿ ಬೆಳೆಗಾರರ ವಾಟ್ಸಾಪ್ ಗುಂಪೊಂದಕ್ಕೆ ನಾನು ಅಡ್ಮಿನ್. ಬಿತ್ತನೆಯಿಂದ ರಾಶಿ ಮುಗಿಯುವವರೆಗೂ ಅಲ್ಲಿ ಮಾತಿಗೆ ಬಿಡುವಿಲ್ಲ. ಹೂವಾಡುವ ಹೊತ್ತಿಗೆ ಗಿಡ ಒಣಗತೊಡಗಿದರೆ ಮಾತು ಜಗಳಕ್ಕೆ ತಿರುಗುತ್ತದೆ.

ಯಾರೋ ಒಣಗಿದ ಗಿಡದ ಫೋಟೊ ಹಾಕುತ್ತಾರೆ. "ಇದು ನೆಟೆ ರೋಗ" ಅಂತ ಒಬ್ಬರು. "ಅಲ್ರಿ, ಹೊಲದಾಗ ನೀರು ನಿಂತದ, ಅದಕ್ಕ ಒಣಗ್ಯದ" ಅಂತ ಇನ್ನೊಬ್ಬರು. ಮೂರನೆಯವರು ಔಷಧಿ ಬಾಟಲಿಯ ಚಿತ್ರ ಹಾಕಿ ಸುಮ್ಮನಾಗುತ್ತಾರೆ. ದೂರದಿಂದ ತೆಗೆದ ಆ ಫೋಟೊ ನೋಡಿ ಯಾರ ಮಾತು ಖರೆ ಅಂತ ಹೇಳಲು ಯಾರಿಂದಲೂ ಆಗುವುದಿಲ್ಲ. ಆದರೂ ಅದರ ಮೇಲೇ ರಾತ್ರಿಯಿಡೀ ಮಾತು ಬೆಳೆಯುತ್ತದೆ.

ಅದಕ್ಕೇ ನಾನು ಯಾರ ಪಕ್ಷವನ್ನೂ ಹಿಡಿಯದೆ ಫೋಟೊ ಹಾಕಿದವರನ್ನೇ ಕೇಳುತ್ತೇನೆ: "ಅಣ್ಣಾ, ಗಿಡ ಕಿತ್ತು ಬುಡದ ಕಡ್ಡಿ ಉದ್ದಕ್ಕ ಸೀಳಿ ತೋರಿಸ್ರಿ." ನೆಟೆ ರೋಗವಿದ್ದರೆ ಸಿಪ್ಪೆಯ ಒಳಗೆ ಕಂದು-ಕಪ್ಪು ಗೆರೆ ಕಾಣುತ್ತದೆ. ಮಣ್ಣಿನಲ್ಲಿರುವ ಫ್ಯುಸೇರಿಯಂ ಶಿಲೀಂಧ್ರ ಬೇರಿನಿಂದ ಹೊಕ್ಕು ನೀರು ಏರುವ ನಾಳಗಳನ್ನೇ ಮುಚ್ಚುತ್ತದೆ. ಸೀಳಿದ ಕಡ್ಡಿಯ ಫೋಟೊ ಬಂದ ಮೇಲೆ ಎಲೆಗೆ ಸಿಂಪಡಿಸುವ ಮಾತು ತಾನಾಗಿಯೇ ನಿಲ್ಲುತ್ತದೆ. ಮುಂದಿನ ಹಂಗಾಮಿಗೆ ಬೀಜಕ್ಕೆ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಒಳ್ಳೆಯ ಶಿಲೀಂಧ್ರ) ಹಚ್ಚುವುದು, ಆ ಹೊಲದಲ್ಲಿ ತೊಗರಿ ಬದಲು ಜೋಳ ಹಾಕುವುದು, ಟಿಎಸ್-3ಆರ್‌ನಂಥ ನೆಟೆ ತಡೆಯುವ ತಳಿ ಬಿತ್ತುವುದು, ಹೀಗೆ ಚರ್ಚೆ ಕೆಲಸದ ಕಡೆ ಹೊರಳುತ್ತದೆ. ಯಾರೂ ಸೋತೆ ಅಂತ ಹೇಳಬೇಕಾಗಿಲ್ಲ. ನನಗೆ ಇದೇ ದೊಡ್ಡದು, ಯಾಕೆಂದರೆ ಎಲ್ಲರೆದುರು ಸೋತವರು ಮತ್ತೆ ಬಾಯಿ ಬಿಡುವುದಿಲ್ಲ.

ಬೆಂಬಲ ಬೆಲೆಯ ಜಗಳವೂ ಇಂಥದ್ದೇ. ತೊಗರಿ ಕ್ವಿಂಟಲ್‌ಗೆ 7,000 ರೂಪಾಯಿ ಅಂತ ಒಬ್ಬರು, 7,550 ಅಂತ ಇನ್ನೊಬ್ಬರು. ಮೊದಲನೆಯದು 2023-24ರದು, ಎರಡನೆಯದು 2024-25ರದು. ವರ್ಷ ಕೇಳಿದರೆ ಮುಗಿಯಿತು.

ಫಾರ್ವರ್ಡ್ ವಿಷಯದಲ್ಲಿ ಮಾತ್ರ ನಾನು ಬಿಗಿ. 2018ರ ಜುಲೈನಲ್ಲಿ ನಮ್ಮ ಪಕ್ಕದ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಅನ್ನುವ ವಾಟ್ಸಾಪ್ ವದಂತಿ ನಂಬಿದ ಜನ ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಹೊಡೆದು ಕೊಂದರು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಲಕ್ಕೆ 5 ಚಾಟ್‌ಗಳಿಗೆ ಮಾತ್ರ ಫಾರ್ವರ್ಡ್ ಮಾಡುವ ಮಿತಿ ತರುವುದಾಗಿ ಹೇಳಿತು. ಈಗ ಎರಡು ಬಾಣದ ಗುರುತು, ಅಂದರೆ ಹಲವು ಕೈ ದಾಟಿ ಬಂದದ್ದೆಂಬ ಗುರುತು, ಹೊತ್ತು ಬಂದ ಸಂದೇಶ ಕಂಡರೆ, "ನೀವು ಕಣ್ಣಾರೆ ಕಂಡಿದ್ದೇನ್ರಿ?" ಅಂತ ಕೇಳುತ್ತೇನೆ. ಇಲ್ಲ ಅಂದರೆ ಅಳಿಸುತ್ತೇನೆ. ಅಳಿಸುವ ಮೊದಲು ಅವರಿಗೆ ಬೇರೆಯಾಗಿ ಫೋನ್ ಮಾಡಿ ಕಾರಣ ಹೇಳುತ್ತೇನೆ.

ಇನ್ನೊಂದು, ದನಿ. "ನಿಮಗೇನ್ ಗೊತ್ತದ" ಅನ್ನೋದನ್ನ ಬರೆದರೆ ಬೈದಂತಿರುತ್ತದೆ. ಅದನ್ನೇ ವಾಯ್ಸ್ ಮೆಸೇಜಿನಲ್ಲಿ ಕೇಳಿದರೆ ಆ ಮನುಷ್ಯ ನಿಜವಾಗಿಯೂ ತಿಳಿಯಲು ಕೇಳುತ್ತಿದ್ದಾನೆ ಅಂತ ಗೊತ್ತಾಗುತ್ತದೆ. ಮಾತು ಬಿಸಿಯಾದಾಗ, "ಕಾಕಾ, ಬರೀಬ್ಯಾಡ್ರಿ, ಮಾತಾಡಿ ಕಳಿಸ್ರಿ" ಅನ್ನುತ್ತೇನೆ. ಟೈಪ್ ಮಾಡಲು ಬಾರದ ಹಿರಿಯರೂ ಆಗ ವಾದಕ್ಕೆ ಬರುತ್ತಾರೆ, ಮತ್ತು ನೆಟೆ ಬಿದ್ದ ಹೊಲಗಳನ್ನು ಎಲ್ಲರಿಗಿಂತ ಹೆಚ್ಚು ಕಂಡವರು ಅವರೇ.