ಪ್ಲಗ್ ಕಿತ್ತರೂ ಗಿಟಾರ್ ಆಂಪ್ ಶಾಕ್ ಹೊಡೆಯುತ್ತದೆ

ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾದಲ್ಲಿ ಒಮ್ಮೆ ಗಿಟಾರ್ ನುಡಿಸುತ್ತಿದ್ದೆ. ಹಾಡಲು ಬಾಗಿದಾಗ ತುಟಿ ಮೈಕಿಗೆ ತಾಗಿತು. ಚುರ್ ಎಂದಿತು! ಎಡಗೈ ತಂತಿಯ ಮೇಲೇ ಇತ್ತು. ಗಿಟಾರಿನ ತಂತಿಗಳು ಕೇಬಲ್ ಮೂಲಕ ಆಂಪ್‌ನ, ಅಂದರೆ ಶಬ್ದ ದೊಡ್ಡದು ಮಾಡುವ ಆಂಪ್ಲಿಫೈಯರಿನ, ಲೋಹದ ಚಾಸಿಗೆ (ಒಳಚೌಕಟ್ಟಿಗೆ) ಸೇರಿರುತ್ತವೆ. ಚಾಸಿಗೆ ಅರ್ತ್ ಇಲ್ಲದೆ, ಒಳಗೆಲ್ಲೋ ಫೇಸ್ ತಾಗಿದರೆ ಕರೆಂಟಿಗೆ ನಮ್ಮ ಮೈಯೇ ದಾರಿ. 1972ರಲ್ಲಿ ಬ್ರಿಟನ್ನಿನ ಸ್ವಾನ್ಸೀಯಲ್ಲಿ ಗಿಟಾರ್ ವಾದಕ ಲೆಸ್ ಹಾರ್ವೆ, ಅರ್ತ್ ಸರಿಯಿಲ್ಲದ ಮೈಕ್ ಮುಟ್ಟಿ ವೇದಿಕೆಯಲ್ಲೇ ಜೀವ ಕಳೆದುಕೊಂಡರು.

ಹಾಗಾಗಿ ಆಂಪ್ ಬಿಚ್ಚುವ ಮೊದಲು ಗೋಡೆಯ ಸಾಕೆಟ್ ನೋಡಿ. ಮೂರು ತೂತು ಇದ್ದ ಮಾತ್ರಕ್ಕೆ ಅರ್ತ್ ಇದೆ ಎಂದಲ್ಲ. ಫೇಸ್‌ನಿಂದ ನ್ಯೂಟ್ರಲ್‌ಗೂ, ಫೇಸ್‌ನಿಂದ ಅರ್ತ್‌ಗೂ ಮಲ್ಟಿಮೀಟರ್ ಸುಮಾರು 230 ವೋಲ್ಟ್ ತೋರಿಸಬೇಕು. ನ್ಯೂಟ್ರಲ್-ಅರ್ತ್ ನಡುವೆ ಒಂದೆರಡು ವೋಲ್ಟ್ ಅಷ್ಟೇ. ಇದು ಅಭ್ಯಾಸವಿಲ್ಲದವರು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಈಗ ಪ್ಲಗ್ ಕಿತ್ತುಬಿಡಿ. ಪ್ಲಗ್ಗಿನ ದಪ್ಪ ಪಿನ್ನಿಗೆ ಮೀಟರಿನ ಒಂದು ಕಡ್ಡಿ, ಚಾಸಿಗೆ ಇನ್ನೊಂದು. 1 ಓಮ್‌ಗಿಂತ ಕಡಿಮೆ ಬರಬೇಕು. ಜಾಸ್ತಿ ಬಂದರೆ (ವಾಲ್ವ್ ಆಂಪ್ ಆದರೆ ಮುಂದೆ ಹೇಳುವ ಹಾಗೆ ಕೆಪ್ಯಾಸಿಟರ್ ಖಾಲಿ ಮಾಡಿದ ಮೇಲೆ) ಅರ್ತ್ ಬೋಲ್ಟ್ ಬಿಚ್ಚಿ, ಅದರಡಿಯ ಪೇಂಟನ್ನು ಹೊಳೆಯುವ ತನಕ ಕೆರೆದು, ಹಲ್ಲಿರುವ ವಾಷರ್ ಹಾಕಿ ಬಿಗಿಯಿರಿ. ಪ್ಲಗ್ಗಿನೊಳಗೆ ಅರ್ತ್‌ನ ಹಸಿರು ವೈರು ಉಳಿದೆರಡಕ್ಕಿಂತ ಉದ್ದ ಇರಲಿ. ಕೇಬಲ್ ಯಾರಾದರೂ ಎಳೆದರೆ ಅದು ಕೊನೆಗೆ ಕಿತ್ತುಬರಬೇಕು.

ವಾಲ್ವ್ ಆಂಪ್ (ಗಾಜಿನ ಟ್ಯೂಬ್ ಇರುವುದು) ಆದರೆ ನಿಜವಾದ ಅಪಾಯ ಇನ್ನೂ ಒಳಗೇ ಕೂತಿರುತ್ತದೆ. ಚಾರ್ಜ್ ಕೂಡಿಟ್ಟುಕೊಳ್ಳುವ ಫಿಲ್ಟರ್ ಕೆಪ್ಯಾಸಿಟರ್‌ಗಳಲ್ಲಿ 400 ವೋಲ್ಟ್ ಡಿಸಿ ಇರುವುದು ಮಾಮೂಲು. ವಾಲ್ವ್ ಕಳಚಿಟ್ಟ ಆಂಪ್‌ನಲ್ಲಿ ಅದನ್ನು ಎಳೆದುಕೊಳ್ಳುವವರೇ ಇಲ್ಲ, ತುಂಬಾ ಹೊತ್ತು ಉಳಿಯುತ್ತದೆ. 10 ಕಿಲೋ ಓಮ್, 5 ವಾಟ್ ರೆಸಿಸ್ಟರ್ ತಂದು, ಎರಡೂ ತುದಿಗೆ ಕ್ರೊಕೊಡೈಲ್ ಕ್ಲಿಪ್‌ನ ವೈರ್ ಬೆಸೆದು, ಬರಿ ಲೋಹ ಎಲ್ಲೂ ಕಾಣದ ಹಾಗೆ ಸ್ಲೀವ್ ಹಾಕಿ. ಮೊದಲು ಚಾಸಿಗೆ ಒಂದು ಕ್ಲಿಪ್. ಆಮೇಲೆ ಎಡಗೈ ಬೆನ್ನ ಹಿಂದೆ ಇಟ್ಟುಕೊಂಡು, ಬಲಗೈಯಿಂದ ಕೆಪ್ಯಾಸಿಟರಿನ ಪ್ಲಸ್‌ಗೆ ಇನ್ನೊಂದು. ಎರಡೂ ಕೈ ಒಳಗಿದ್ದರೆ ಕರೆಂಟ್ ಎದೆಯ ಮೂಲಕ ಹಾಯುತ್ತದೆ, ಅದಕ್ಕೇ ಈ ಹಟ. ಹತ್ತು ಸೆಕೆಂಡ್ ಬಿಟ್ಟು ಡಿಸಿ ರೇಂಜಿನಲ್ಲಿ ಅಳೆಯಿರಿ. ಪ್ರತಿ ಕೆಪ್ಯಾಸಿಟರಿಗೂ ಹೀಗೇ. ಖಾಲಿಯಾದದ್ದರಲ್ಲೂ ವೋಲ್ಟೇಜ್ ಸ್ವಲ್ಪ ಸ್ವಲ್ಪ ಮರಳಿ ಏರುತ್ತದೆ, ಆದ್ದರಿಂದ ಕೆಲಸ ಮುಗಿಯುವ ತನಕ ಕ್ಲಿಪ್ ತೆಗೆಯಬೇಡಿ. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡುವುದು ದಯವಿಟ್ಟು ಬೇಡ. ಕಿಡಿ ಹಾರುತ್ತದೆ, ಕೆಪ್ಯಾಸಿಟರೂ ಹಾಳು.

ಮನೆಯಲ್ಲಿ 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಸಪ್ಲೈ ಕಡಿಯುವ ಸ್ವಿಚ್) ಇದ್ದರೆ ಒಳ್ಳೆಯದೇ. ಆದರೆ ಕೆಪ್ಯಾಸಿಟರಿನ ಹೊಡೆತ ಅದಕ್ಕೆ ಗೊತ್ತೇ ಆಗುವುದಿಲ್ಲ.

ಇನ್ನು ಗುಂಯ್ ಶಬ್ದ. ಅದನ್ನು ಓಡಿಸಲು ಅರ್ತ್ ಪಿನ್ ಕಿತ್ತು ನುಡಿಸುವವರನ್ನು ನೋಡಿದ್ದೇನೆ. ಶಬ್ದ ಹೋಗುತ್ತದೆ, ರಕ್ಷಣೆಯೂ ಹೋಗುತ್ತದೆ. ಆಂಪ್, ಮಿಕ್ಸರ್ ಎಲ್ಲವನ್ನೂ ಒಂದೇ ಬೋರ್ಡಿಗೆ ಹಾಕಿ ನೋಡಿ. ಆಗಲೂ ಹೋಗದಿದ್ದರೆ ಮಿಕ್ಸರಿಗೆ ಹೋಗುವ ದಾರಿಯಲ್ಲಿ ಡಿಐ ಬಾಕ್ಸ್ ಎಂಬ ಪುಟ್ಟ ಪೆಟ್ಟಿಗೆ ಬಳಸಿ, ಅದರ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ. ಅದು ಬಿಡಿಸುವುದು ಆಡಿಯೋ ಕೇಬಲ್ಲಿನ ಗ್ರೌಂಡನ್ನು ಮಾತ್ರ. ಆಂಪ್‌ನ ಅರ್ತ್ ಇದ್ದಲ್ಲೇ ಇರುತ್ತದೆ.