ಚಾಟ್‌ಬಾಟ್ ನೆರವಿನಿಂದ ಓದುವ ಕ್ರಮ

ಎಂಟ್ರೊಪಿಯಂಥ ಕಠಿಣ ಪರಿಕಲ್ಪನೆಯನ್ನು ಕಲಿಯುವಾಗ ಮೊದಲು ಪಠ್ಯಪುಸ್ತಕದ ಅಧ್ಯಾಯವನ್ನು ಓದಿ, ಅರ್ಥವಾದಷ್ಟನ್ನು ಸ್ವಂತ ಮಾತಿನಲ್ಲಿ ಬರೆದು, ‘ಇದರಲ್ಲಿ ಎಲ್ಲಿ ಎಡವಿದ್ದೇನೆ? ಉತ್ತರ ಹೇಳದೆ ಸುಳಿವು ಮಾತ್ರ ಕೊಡು’ ಎಂದು ಚಾಟ್‌ಜಿಪಿಟಿ ಅಥವಾ ಜೆಮಿನಿಯನ್ನು ಕೇಳಿ. ಸಿದ್ಧ ಉತ್ತರ ಬೇಡುವುದಕ್ಕಿಂತ ಈ ಕ್ರಮವೇ ನನಗೆ ಹೆಚ್ಚು ಫಲಕಾರಿಯಾಗಿ ಕಂಡಿದೆ, ಏಕೆಂದರೆ ಇಲ್ಲಿ ಯೋಚಿಸುವ ಕೆಲಸ ನಿಮ್ಮದಾಗಿಯೇ ಉಳಿಯುತ್ತದೆ.

ಈ ತಂತ್ರಾಂಶಗಳು ಮುಂದಿನ ಪದವನ್ನು ಸಂಭವನೀಯತೆಯ ಆಧಾರದ ಮೇಲೆ ಆರಿಸುತ್ತ ವಾಕ್ಯ ಕಟ್ಟುವುದರಿಂದ, ಇಲ್ಲದ ಪುಸ್ತಕವನ್ನೂ ಲೇಖನವನ್ನೂ ಇರುವಂತೆಯೇ ಉಲ್ಲೇಖಿಸಬಲ್ಲವು. ಆದ್ದರಿಂದ ಅವು ಸೂಚಿಸಿದ ಪ್ರತಿಯೊಂದು ಆಕರವನ್ನೂ ಗ್ರಂಥಾಲಯದಲ್ಲಿ ಹುಡುಕಿ, ಕಣ್ಣಾರೆ ಕಂಡ ಮೇಲೆಯೇ ಬಳಸಿ. ಪ್ರಯೋಗಾಲಯದ ರೀಡಿಂಗ್‌ಗಳನ್ನು ಎಂದೂ ಅವುಗಳಿಂದ ಬರೆಸಬೇಡಿ. ಅಸೈನ್‌ಮೆಂಟ್‌ಗೆ ಎಷ್ಟರ ಮಟ್ಟಿನ ನೆರವು ಸಲ್ಲುತ್ತದೆ ಎಂಬುದನ್ನು ಅಧ್ಯಾಪಕರಲ್ಲಿ ಮುಂಚೆಯೇ ವಿಚಾರಿಸಿ, ಪಡೆದ ನೆರವನ್ನು ಕೊನೆಯಲ್ಲಿ ಸ್ಪಷ್ಟವಾಗಿ ನಮೂದಿಸಿ.