ಲ್ಯಾಬಿನ ಬಾತ್‌ಗೆ ಯಾವ ದ್ರವ ಹಾಕಬೇಕು?

ವಾಟರ್ ಬಾತ್, ಆಯಿಲ್ ಬಾತ್, ಚಿಲ್ಲರ್. ಪಾತ್ರೆಯನ್ನು ದ್ರವದಲ್ಲಿ ಇಳಿಬಿಟ್ಟು ಬಿಸಿ ಮಾಡಲು ಇಲ್ಲವೇ ತಣ್ಣಗಿಡಲು ಕೆಮಿಸ್ಟ್ರಿ ಲ್ಯಾಬಿನಲ್ಲಿ ಬಾತ್ ಬಳಸುತ್ತಾರೆ, ದ್ರವವನ್ನು ತಂಪು ಮಾಡಿ ಹರಿಸುವುದು ಚಿಲ್ಲರ್. ದಿನವಿಡೀ ಓಡುವ ಯಂತ್ರಗಳಿವು. ಒಳಗಿನ ದ್ರವದ ಕಡೆ ನಮ್ಮ ಕಣ್ಣು ಹೋಗುವುದು ಮಾತ್ರ ಹೊಗೆ ಎದ್ದಾಗ. ಅಲ್ಲಿಯವರೆಗೆ ಬಿಡಬಾರದು.

ಮೊದಲು ಎರಡು ಅಂಕಿ ಬರೆದುಕೊಳ್ಳಿ. ನಿಮ್ಮ ಪ್ರಯೋಗಕ್ಕೆ ಬೇಕಾದ ಅತಿ ಹೆಚ್ಚು ಮತ್ತು ಅತಿ ಕಡಿಮೆ ಉಷ್ಣಾಂಶ. ಆಯ್ಕೆ ಅಲ್ಲಿಂದಲೇ ಶುರು.

5ರಿಂದ 80 ಡಿಗ್ರಿ ಸೆಲ್ಸಿಯಸ್ ಒಳಗಾದರೆ ನೀರೇ ಸಾಕು. ಬೆಂಕಿ ಹತ್ತುವುದಿಲ್ಲ, ಚೆಲ್ಲಿದರೆ ಒರೆಸಿದರಾಯ್ತು. ಬೋರ್‌ವೆಲ್ ನೀರು ಬೇಡ, ಅದರ ಗಡಸುತನಕ್ಕೆ ಹೀಟರ್ ಮೇಲೆ ಬಿಳಿ ಪದರ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರ್ ಹಾಕಿ.

ಸೊನ್ನೆಗಿಂತ ಕೆಳಗೆ ಹೋಗಬೇಕಾದರೆ ನೀರಿಗೆ ಗ್ಲೈಕಾಲ್ ಬೆರೆಸಬೇಕು. ಅರ್ಧಕ್ಕರ್ಧ ಎಥಿಲೀನ್ ಗ್ಲೈಕಾಲ್ ಸೇರಿಸಿದರೆ ಸುಮಾರು ಮೈನಸ್ 35 ಡಿಗ್ರಿವರೆಗೂ ಹೆಪ್ಪುಗಟ್ಟುವುದಿಲ್ಲ. ಆದರೆ ಅದು ವಿಷ, ರುಚಿ ಬೇರೆ ಸಿಹಿ. ಪ್ರೊಪಿಲೀನ್ ಗ್ಲೈಕಾಲ್‌ನಲ್ಲಿ ವಿಷದ ಭಯ ತೀರಾ ಕಡಿಮೆ. ತಣ್ಣಗಾದಂತೆ ಜಾಸ್ತಿ ಮಂದವಾಗುತ್ತದೆ, ಅಷ್ಟೆ. ನನ್ನ ಮತ ಇದಕ್ಕೇ. ಸುಲಭವಾಗಿ ಸಿಗುತ್ತದೆ ಅಂತ ಕಾರಿನ ಕೂಲಂಟ್ ಸುರಿಯಬೇಡಿ. ಅದರಲ್ಲಿರುವ ಸಿಲಿಕೇಟ್ ಪಂಪಿನ ಸೀಲನ್ನು ಸವೆಸುತ್ತದೆ.

ನೀರಿಗೆ ಮೀರಿದ ಬಿಸಿ ಬೇಕಾದರೆ ಎಣ್ಣೆ. ನಿಜವಾದ ಅಪಾಯ ಇರುವುದು ಆ ಬಿಸಿ ಎಣ್ಣೆಯಲ್ಲೇ. ಡಬ್ಬಿಯ ಜೊತೆ ಬರುವ ಸುರಕ್ಷತಾ ಹಾಳೆಯಲ್ಲಿ ಫ್ಲ್ಯಾಶ್ ಪಾಯಿಂಟ್ ಹುಡುಕಿ. ಎಣ್ಣೆಯ ಆವಿಗೆ ಕಿಡಿ ತಗುಲಿದರೆ ಭಗ್ಗನೆ ಹೊತ್ತುವ ಉಷ್ಣಾಂಶ ಅದು. ಅಲ್ಲಿಗಿಂತ ಕನಿಷ್ಠ 25 ಡಿಗ್ರಿ ಕೆಳಗೇ ನಿಲ್ಲಬೇಕು. 225 ಅಂತ ಬರೆದಿದ್ದರೆ ನಿಮ್ಮ ಮಿತಿ 200. ಓವರ್‌ಹೀಟ್ ಕಟ್‌ಆಫ್ (ಬಿಸಿ ಮಿತಿಮೀರಿದರೆ ಹೀಟರ್ ನಿಲ್ಲಿಸುವ ಸ್ವಿಚ್) ಕೂಡ ಆ ಮಿತಿಗೇ ಹೊಂದಿಸಿ.

ಸಿಲಿಕೋನ್ ಆಯಿಲ್ ಮಿನರಲ್ ಆಯಿಲ್‌ಗಿಂತ ಹೆಚ್ಚು ಶಾಖ ತಡೆಯುತ್ತದೆ, ನಿಜ. ಆದರೂ 150 ಡಿಗ್ರಿ ದಾಟಿದ ಮೇಲೆ ಗಾಳಿ ತಗುಲಿದರೆ ಫಾರ್ಮಾಲ್ಡಿಹೈಡ್ ಎಂಬ ವಿಷಾನಿಲ ಬಿಡುತ್ತದೆ. ಹಾಗಾಗಿ ಅದನ್ನು ಫ್ಯೂಮ್ ಹುಡ್, ಅಂದರೆ ಆವಿಯನ್ನು ಹೊರಗೆ ಎಳೆಯುವ ಗೂಡಿನ ಒಳಗೇ ಇಡಿ.

ಬಾತನ್ನು ಕಂಠದವರೆಗೆ ತುಂಬಬೇಡಿ. 5 ಲೀಟರ್ ಸಿಲಿಕೋನ್ ಆಯಿಲ್ 25ರಿಂದ 175 ಡಿಗ್ರಿಗೆ ಏರುವಷ್ಟರಲ್ಲಿ ಸುಮಾರು 700 ಮಿಲಿಲೀಟರ್ ಉಬ್ಬುತ್ತದೆ. ಜಾಗ ಬಿಡದಿದ್ದರೆ ಅದು ಬರುವುದು ಮೇಜಿನ ಮೇಲೆ. ಬಿಸಿ ಎಣ್ಣೆಗೆ ನೀರು ಬೀಳದಂತೆ ಇನ್ನೂ ಎಚ್ಚರ ಬೇಕು. ಕಂಡೆನ್ಸರ್‌ಗೆ (ಆವಿಯನ್ನು ತಣಿಸುವ ಗಾಜಿನ ಕೊಳವೆ) ನೀರು ಹರಿಸುವ ಪೈಪಿನಿಂದ ಒಂದು ಹನಿ ಬಿದ್ದರೂ ತಳದಲ್ಲಿ ಕ್ಷಣದಲ್ಲಿ ಆವಿಯಾಗಿ ಸಾವಿರಕ್ಕೂ ಹೆಚ್ಚು ಪಟ್ಟು ಹಿಗ್ಗುತ್ತದೆ. ಬಿಸಿ ಎಣ್ಣೆ ಮುಖಕ್ಕೇ ಸಿಡಿಯುತ್ತದೆ. ಆ ಪೈಪಿನ ಕ್ಲಿಪ್ಪನ್ನು ದಿನಾ ಬೆಳಿಗ್ಗೆ ಒಮ್ಮೆ ಎಳೆದು ನೋಡಿ.

ಇನ್ನು ನಿರ್ವಹಣೆ. ವಾಟರ್ ಬಾತ್ ನೀರನ್ನು ವಾರಕ್ಕೊಮ್ಮೆ ಬದಲಿಸಿ, ಮುಚ್ಚಳ ಹಾಕಿಡಿ. ಪಾಚಿ ಕಟ್ಟಿತೆಂದು ಬ್ಲೀಚ್ ಹಾಕಬೇಡಿ, ಕ್ಲೋರೈಡ್‌ಗೆ ಸ್ಟೇನ್‌ಲೆಸ್ ಸ್ಟೀಲ್ ಕೂಡ ತೂತು ಬೀಳುತ್ತದೆ. ಸೂಕ್ಷ್ಮಾಣು ತಡೆಯಲು ಬಳಸುವ ಸೋಡಿಯಂ ಅಜೈಡ್ ಅಂತೂ ಬೇಡವೇ ಬೇಡ. ತಾಮ್ರದ ಕಾಯಿಲ್ ಇದ್ದರೆ ಅಜೈಡ್ ಅದರೊಡನೆ ಸೇರಿ ಸಿಡಿಯುವ ವಸ್ತುವಾಗಿ ಬದಲಾಗಬಹುದು. ಗ್ಲೈಕಾಲ್ ಬಾತ್‌ನಲ್ಲಿ ನೀರು ಆರುತ್ತಾ ಹೋಗುತ್ತದೆ, ಗ್ಲೈಕಾಲ್ ಪ್ರಮಾಣವನ್ನು, ಬೆಳಕು ಬಾಗುವುದನ್ನು ಅಳೆಯುವ ರಿಫ್ರಾಕ್ಟೋಮೀಟರ್‌ನಲ್ಲಿ ಆಗಾಗ ನೋಡಿ.

ಎಣ್ಣೆ ಕಂದುಬಣ್ಣಕ್ಕೆ ತಿರುಗಿ ದಪ್ಪಗಾದರೆ, ಇಲ್ಲವೇ ಮೊದಲಿಗಿಂತ ಬೇಗ ಹೊಗೆ ಬಂದರೆ, ತೆಗೆದುಬಿಡಿ. ಹಳೆಯದಕ್ಕೆ ಹೊಸದನ್ನು ಸೇರಿಸಿ ಓಡಿಸುವುದು ಉಳಿತಾಯವಲ್ಲ. ತಣ್ಣಗಾದ ಮೇಲೆ ಕ್ಯಾನಿಗೆ ತುಂಬಿ, ಹೆಸರು, ತಾರೀಖು ಬರೆದು ರಾಸಾಯನಿಕ ತ್ಯಾಜ್ಯದ ಜೊತೆ ಕಳಿಸಿ. ಸಿಂಕಿಗೆ ಮಾತ್ರ ಸುರಿಯಬೇಡಿ.